ಮಗ್ಗ ನಿಲ್ಲುವ ಹತ್ತು ನಿಮಿಷ

ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕೊಲ್ಹಾಪುರದ ಹತ್ತಿರದ ಇಚಲಕರಂಜಿಯ ಈ ಓಣಿಯ ಎರಡೂ ಬದಿಗೆ ತಗಡಿನ ಮಾಡಿನ ಕೆಳಗೆ ಪವರ್‌ಲೂಮ್ ಮಗ್ಗಗಳು ರಾತ್ರಿಯಿಡೀ ಬಡಿದುಕೊಂಡಿವೆ, ಇನ್ನೂ ಬಡಿದುಕೊಳ್ಳುತ್ತಿವೆ. ಓಣಿಗೆ ಹೊಸದಾಗಿ ಬಂದವರಿಗೆ ಆ ಸಪ್ಪಳ ಕಿವಿಗಿಂತ ಮೊದಲು ಅಂಗಾಲಿಗೆ ತಾಗುತ್ತದೆ. ಎರಡು ಶೆಡ್ಡುಗಳ ನಡುವಿನ ಸಂದಿನಲ್ಲಿ ಒಂದು ಗ್ಯಾರೇಜು. ಒಮ್ಮೆಗೆ ಒಂದೇ ಕಾರು ಹಿಡಿಸುತ್ತದೆ. ಅಲ್ಲಿ ಬಿಳಿ ಬಣ್ಣದ ಪೆಟ್ರೋಲ್ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ಅದರ ಮುಂದೆ ಕಾಡಸಿದ್ದ ತಾರದಾಳೆ, ಊರಿಗೆಲ್ಲ ಸಿದ್ದೂ ಮಿಸ್ತ್ರಿ, ಏನೂ ಮಾಡದೆ ಕೈ ಒರೆಸಿಕೊಳ್ಳುತ್ತ ಕಾಯುತ್ತಿದ್ದಾರೆ. ವಯಸ್ಸು ಐವತ್ತೆಂಟು. ಪಕ್ಕದಲ್ಲಿ ಸ್ಟೂಲಿನ ಮೇಲೆ ಹೆಂಡತಿ ಚನ್ನವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಿದ್ದಾರೆ.

ಕಾರು ಶಿರೋಳ ತಾಲೂಕಿನ ದತ್ತವಾಡದಿಂದ ಬಂದಿದೆ. ತಂದವರು ಧೀರಜ, ಪ್ರಿಯದರ್ಶನಿ ಎಂಬ ಗಂಡ ಹೆಂಡತಿ. ಮದುವೆಯಾಗಿ ಎರಡು ವರ್ಷವಾಗಿರಬಹುದು. ಊರಿನ ಹೆಸರು ಕೇಳಿದಾಗ ಮಿಸ್ತ್ರಿಯ ಕೈಯಲ್ಲಿದ್ದ ಅರಿವೆ ಒಂದು ಗಳಿಗೆ ನಿಂತಿತ್ತು. ಆಮೇಲೆ ಮತ್ತೆ ಒರೆಸತೊಡಗಿತು. ಗಾಡಿಯಲ್ಲಿ ಏನೂ ಸಪ್ಪಳವಿಲ್ಲ, ಕೊಲ್ಹಾಪುರದ ದೊಡ್ಡ ಶೋರೂಮಿನವರು ಕಂಪ್ಯೂಟರ್ ಹಚ್ಚಿ ನೋಡಿ ಎಲ್ಲ ಬರೋಬರ ಇದೆ ಅಂದಿದ್ದಾರೆ, ಇವಳು ಹಟ ಹಿಡಿದಳು ಅಂತ ಬಂದದ್ದು ಎಂದು ಧೀರಜ ಕೈಸನ್ನೆಯಲ್ಲೂ ಕೂಗಿಯೂ ಹೇಳುತ್ತಿದ್ದಾನೆ. ಮಾತಿನ ಕೊನೆಗೆ ನಕ್ಕು, "ಇಕಿಗೆ ಮನ್ಯಾಗ ಫ್ಯಾನ್ ತಿರಗಿದ್ರೂ ಏನೋ ಸಪ್ಪಳ ಬರಾಕತ್ತೈತಿ ಅಂತಾಳ್ರಿ" ಎಂದು ಸೇರಿಸುತ್ತಾನೆ.

ಮಿಸ್ತ್ರಿ ನಗುವುದಿಲ್ಲ. ಅವನನ್ನು ದಾಟಿ ಪ್ರಿಯದರ್ಶನಿಯ ಮುಂದೆ ಹೋಗಿ ನಿಲ್ಲುತ್ತಾರೆ. ಆಕೆಯ ತುಟಿಯನ್ನೇ ನೋಡುತ್ತ ಕೇಳುತ್ತಾರೆ.

"ನೀವು ಹೇಳ್ರಿ ತಂಗಿ. ನಿಮಗ ಏನ್ ಕೇಳ್ಸ್ತೈತಿ?"

"ಸುಸ್ಸ್ ಅಂತೈತ್ರಿ. ಭಾಳ ಸಣ್ಣಗ. ಗಾಡಿ ನಿಂತು ಎಂಜಿನ್ ಚಾಲೂ ಇದ್ದಾಗ ಅಷ್ಟ."

"ನಿಮಗ ಕೇಳ್ಸ್ತೈತಿ ಅಂದ್ರ ಐತಿ. ಕುಂದರ್ರಿ ಒಳಗ. ಏಳಕ್ಕ ಮಗ್ಗ ನಿಂದರ್ತಾವು."

ಏಳು ಹೊಡೆಯುತ್ತದೆ. ರಾತ್ರಿ ಪಾಳಿಯವರು ಸ್ವಿಚ್ ಎಳೆಯುತ್ತಾರೆ. ಒಂದು ಶೆಡ್ಡು, ಇನ್ನೊಂದು, ಆಚೆಯದು, ಹೀಗೆ ಓಣಿಯುದ್ದಕ್ಕೂ ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಹಗಲು ಪಾಳಿಯವರು ಬಂದು ಮತ್ತೆ ಶುರು ಮಾಡುವ ತನಕ ಹತ್ತು ನಿಮಿಷ. ಎಲ್ಲೋ ಒಂದು ಕಾಗೆ ಕೂಗುತ್ತಿರುವುದು, ನಳದ ಕೆಳಗೆ ಕೊಡ ತುಂಬುತ್ತಿರುವುದು ಆಗ ಗೊತ್ತಾಗುತ್ತದೆ. ಕಾರಿನ ಎಂಜಿನ್ ಗುರುಗುಡುತ್ತಿದೆ. ಆ ಗುರುಗುಡುವಿಕೆಯ ಕೆಳಗೆ, ಹಲ್ಲಿನ ಸಂದಿಯಿಂದ ಯಾರೋ ಉಸಿರು ಬಿಟ್ಟ ಹಾಗೆ ಒಂದು ಸುಸ್ಸು. ಅದು ಧೀರಜನಿಗೂ ಈಗ ಕೇಳಿಸಿತು. ಮುಖ ಬೇರೆ ಕಡೆ ತಿರುಗಿಸಿದ. ಚನ್ನವ್ವನಿಗೆ ಕೇಳಿಸಿತು. ಅವರ ಬಲಗೈ ಮೇಲೆದ್ದಿತು, ಐದೂ ಬೆರಳು ಬಿಚ್ಚಿಕೊಂಡವು.

ಸಿದ್ದೂ ಮಿಸ್ತ್ರಿಗೆ ಕೇಳಿಸಲಿಲ್ಲ. ಆ ಸಪ್ಪಳ ಅವರಿಗೆ ಕೇಳಿಸದೆ ವರ್ಷಗಳಾದವು. ಅದು ಕೇಳಿಸದೇ ಹೋದದ್ದರಿಂದ, ಕೇಳಿಸಿತು ಅಂದವರ ಮಾತನ್ನು ನಂಬದೇ ಹೋದದ್ದರಿಂದ, ಇದೇ ದತ್ತವಾಡದ ಒಬ್ಬ ಮನುಷ್ಯ ಸತ್ತಿದ್ದಾನೆ. ಅಂದಿನಿಂದ ಮಿಸ್ತ್ರಿಗೆ ಇರುವುದು ಒಂದೇ ಚಿಂತೆ: ತನಗೆ ಕೇಳಿಸದ ಒಂದು ಸುಸ್ಸನ್ನು ಹೊತ್ತುಕೊಂಡು ಯಾವ ಗಾಡಿಯೂ ಈ ಸಂದಿಯಿಂದ ಹೊರಗೆ ಹೋಗಬಾರದು.

ಅವರು ಬಾನೆಟ್ಟಿನ ಒಳಗೆ ಬಗ್ಗಿ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಿನಿಂದ ಹಿಸುಕುತ್ತ ಹೋಗುತ್ತಾರೆ. ಹಿಸುಕಿದ ಕೂಡಲೇ ಕಣ್ಣು ಚನ್ನವ್ವನ ಕೈ ಮೇಲೆ. ಕೈ ಬಿಚ್ಚಿಯೇ ಇದೆ ಅಂದರೆ ಸಪ್ಪಳ ಇನ್ನೂ ಇದೆ, ಮುಂದಿನ ಪೈಪು. ಸಪ್ಪಳ ನಿಂತರೆ ಕೈ ಮುಷ್ಟಿಯಾಗಬೇಕು.

ಈ ಲೆಕ್ಕಾಚಾರ ಹೊಸದು. ಹಿಂದೆ ಈ ಓಣಿಗೆ ಜನ ಬರುತ್ತಿದ್ದದ್ದೇ ಮಿಸ್ತ್ರಿಯ ಕಿವಿಯನ್ನು ಹುಡುಕಿಕೊಂಡು.

ಕಾಡಸಿದ್ದ ಹುಟ್ಟಿದ್ದು ಶಿರೋಳದ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ. ಅಪ್ಪ ಅಲ್ಲಪ್ಪ ಕಂಡವರ ಕಬ್ಬಿಗೆ ನೀರು ಹಾಯಿಸುವ ಆಳು. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿ, ಹದಿನಾಲ್ಕು ತುಂಬಿದಾಗ ಇಚಲಕರಂಜಿಗೆ ಬಂದು ಮಗ್ಗಕ್ಕೆ ನಿಂತರು. ಹನ್ನೆರಡು ತಾಸಿನ ಪಾಳಿ, ಒಬ್ಬನಿಗೆ ನಾಲ್ಕು ಮಗ್ಗ, ಹೀಗೆ ಹನ್ನೆರಡು ವರ್ಷ. ಆ ನಾಲ್ಕು ಮಗ್ಗದ ನಡುವೆ ನಿಂತ ಮನುಷ್ಯನ ಕಿವಿ ಏನಾಗುತ್ತದೆ ಎಂದು ತಿಳಿಯಲು ಡಾಕ್ಟರ್ ಆಗಬೇಕಿಲ್ಲ. ಐದು ನಿಮಿಷ ನಿಂತು ನೋಡಿದರೆ ಸಾಕು. ಕಿವಿಗೆ ತುರುಕಿಕೊಳ್ಳಲು ಎರಡು ರಬ್ಬರ್ ತುಂಡು ಕೊಡುವ ಬುದ್ಧಿ ಮಾತ್ರ ಯಾವ ಮಾಲೀಕನಿಗೂ ಹುಟ್ಟಲಿಲ್ಲ. ಜೊತೆಯವರು ಕೆಳಗೆ ಬಿದ್ದ ನೂಲಿನ ತುಂಡು ಉಂಡೆ ಮಾಡಿ ಕಿವಿಗೆ ತುಂಬಿಕೊಳ್ಳುತ್ತಿದ್ದರಂತೆ. ಅದನ್ನು ಕಂಡು ಪಾಳಿಯ ಮೇಲ್ವಿಚಾರಕ ಮುಕಾದಮ, ಏನ್ರೋ ಹೆಣದ ಮೂಗಿಗೆ ಇಟ್ಟಂಗ ಇಟ್ಕೊಂಡೀರಿ ಅಂತ ಹಂಗಿಸುತ್ತಿದ್ದನಂತೆ. ಹಂಗಿಸಿದ ಮೇಲೆ ಹದಿನೆಂಟು ವರ್ಷದ ಹುಡುಗ ಯಾವನು ಇಟ್ಟುಕೊಂಡಾನು? ಕಿತ್ತು ಬಿಸಾಡಿದರು.

ಇಪ್ಪತ್ತಾರನೇ ವರ್ಷಕ್ಕೆ ಕಾಡಸಿದ್ದ ಮಗ್ಗ ಬಿಟ್ಟು ಕೊಲ್ಹಾಪುರಕ್ಕೆ ಹೋದರು. ಬೆಲ್ಲದ ಪೇಟೆಯ ಹಿಂದೆ ಜೋತಿಬಾ ಎಂಬ ಹಿರಿಯ ಮಿಸ್ತ್ರಿಯ ಗ್ಯಾರೇಜಿನಲ್ಲಿ ನಾಲ್ಕು ವರ್ಷ ಕೆಲಸ ಕಲಿತರು. ಒಂದು ಮೊಳ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದು ತುದಿಯನ್ನು ಎಂಜಿನ್ನಿನ ಮೇಲೆ ಆಡಿಸಿ ಸಪ್ಪಳದ ಜಾಗ ಹುಡುಕುವುದನ್ನು ಕಲಿಸಿದ್ದು ಜೋತಿಬಾ. ಗಾಡಿ ಬಡಿದರೆ, ಕಿರುಗುಟ್ಟಿದರೆ ಎಂಥವನೂ ಹುಡುಕುತ್ತಾನೆ. ಸುಸ್ಸು ಹುಡುಕುವುದು ಹಾಗಲ್ಲ. ಅದು ಗಾಳಿ. ಇಲ್ಲಿ ಸೋರಿ ಅಲ್ಲಿ ಕೇಳಿಸುತ್ತದೆ. ಅದರಲ್ಲಿ ಕಾಡಸಿದ್ದನನ್ನು ಮೀರಿಸುವವರು ಬೆಲ್ಲದ ಪೇಟೆಯಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ, ಚನ್ನವ್ವ ಹೇಳುತ್ತಾರೆ.

ಮಿಸ್ತ್ರಿ ಹೇಳುವುದು ಸಪ್ಪಳಗಳ ಬಗ್ಗೆ. ಅದನ್ನು ಕೇಳಿದರೆ ಸತ್ತ ಗೆಳೆಯರ ಸುದ್ದಿ ಹೇಳುವವರ ಹಾಗೆ ಮೆತ್ತಗಾಗುತ್ತಾರೆ.

"ಸುಸ್ಸ್ ಅಂದ್ರ ಒಂದ ನಮೂನಿ ಅಲ್ರಿ. ರೇಡಿಯೇಟರ್ ಮುಚ್ಚಳದ್ದು ಹಸಿ ಕಟ್ಟಿಗಿ ಒಲ್ಯಾಗಿಟ್ಟಂಗ, ಅದರಾಗ ನೀರಿನ ದನಿ ಇರ್ತೈತಿ. ಎಕ್ಸಲೇಟರ್ ಒತ್ತಿದಾಗಷ್ಟ ಬಂದ್ರ ಅದು ಟರ್ಬೋ ಪೈಪಿಂದು, ಎಮ್ಮಿ ಉಸರು ಬಿಟ್ಟಂಗ. ಬ್ರೇಕ್ ಒತ್ತಿದಾಗ ಕಾಲ ಬುಡಕ ಬಂದ್ರ ಬೂಸ್ಟರ್ ಹರದೈತಿ ಅಂತ ತಿಳೀಬೇಕು. ಗಾಡಿ ಬಂದ್ ಮಾಡಿದ್ಮ್ಯಾಲೆ ಒಂದ್ ನಿಮಿಷ ಬಂದು ತಾನ ನಿಂತ್ರ ಅದು ಏಸೀದು, ಏನೂ ಆಗಿಲ್ಲ, ಮನಿಗೆ ಹೋಗ್ರಿ ಅಂತಿದ್ದೆ."

ಮನೆಗೆ ಹೋಗಿ ಎಂದು ಹೇಳುವ ಮಿಸ್ತ್ರಿಗಳು ಈಗ ಎಷ್ಟು ಮಂದಿ ಇದ್ದಾರೆ?

ಇಪ್ಪತ್ತೆಂಟು ವರ್ಷದ ಹಿಂದೆ ಸ್ವಂತ ಗ್ಯಾರೇಜು ಹಾಕಬೇಕೆಂದಾಗ ಕೈಗೆಟುಕುವ ಬಾಡಿಗೆಗೆ ಸಿಕ್ಕಿದ್ದು ಈ ಸಂದು ಒಂದೇ. ಬಿಟ್ಟು ಹೋದ ಮಗ್ಗದ ನಡುವೆಯೇ ಮತ್ತೆ ಬಂದು ಕೂತರು. ಇಂಥ ಗದ್ದಲದಲ್ಲಿ ಸುಸ್ಸು ಕೇಳುವುದು ಹೇಗೆ? ಅದಕ್ಕೆ ಪಾಳಿ ಬದಲಾಗುವ ಹೊತ್ತನ್ನು ಹಿಡಿದುಕೊಂಡರು. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ, ಸಂಜೆ ಏಳಕ್ಕೆ ಹತ್ತು ನಿಮಿಷ. ಬಡಿತ, ಕಿರುಗು, ಆಯಿಲ್, ಕ್ಲಚ್ಚು ಎಲ್ಲ ದಿನದ ಯಾವ ಹೊತ್ತಿಗೂ ಆಗುತ್ತದೆ. ಸುಸ್ಸು ಅಂತ ಬಂದ ಗಾಡಿ ಮಾತ್ರ ಏಳಕ್ಕೇ ಬರಬೇಕು. ಊರಲ್ಲಿ ಅದಕ್ಕೆ 'ಏಳರ ಗಾಡಿ' ಎಂದೇ ಹೆಸರು ಬಿತ್ತು. ಕಾಲ ಚೆನ್ನಾಗಿದ್ದಾಗ ಓಣಿಯ ಬಾಯಲ್ಲಿ ಐದು ಏಳರ ಗಾಡಿ ಸಾಲು ನಿಲ್ಲುತ್ತಿದ್ದವು, ಹತ್ತು ನಿಮಿಷದಲ್ಲಿ ಐದನ್ನೂ ಕೇಳಿ ಯಾವುದಕ್ಕೆ ಏನೆಂದು ಹೇಳಿ ಮುಗಿಸುತ್ತಿದ್ದರು. ಈಗ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಒಂದೊಂದು ದಿನ ಅದೂ ಇಲ್ಲ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಹೋದದ್ದು ಸಣ್ಣ ದನಿಗಳು. ಮನೆಯಲ್ಲಿ ಕುಕ್ಕರ್ ಸೀಟಿ ಹೊಡೆದರೆ ಎದ್ದು ಹೋಗಿ ಒಲೆ ಆರಿಸುತ್ತಿದ್ದ ಮನುಷ್ಯ ಸುಮ್ಮನೆ ಕೂತಿರತೊಡಗಿದರು. ಮೈಗಳ್ಳತನ ಎಂದು ಚನ್ನವ್ವ ಒಂದು ವರ್ಷ ಬೈದರಂತೆ. ಗಡಹಿಂಗ್ಲಜಕ್ಕೆ ಕೊಟ್ಟ ಮಗಳು ರುತುಜಾ ಫೋನಿನಲ್ಲಿ ಏನೋ ಕೇಳಿದರೆ ಇವರು ಇನ್ನೇನೋ ಹೇಳುತ್ತಿದ್ದರು. ಇಚಲಕರಂಜಿಯಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಇಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಎಲ್ಲರೂ ಎರಡೆರಡು ಸಲ 'ಆಂ?' ಅನ್ನುತ್ತಾರೆ. ಎಲ್ಲರ ಕಿವಿಯೂ ಮನೆಗೆ ಹೋದ ಮೇಲೆ ಗುಂಯ್ಗುಡುತ್ತದೆ. ಇಂಥ ಊರಲ್ಲಿ ಒಬ್ಬ ತನ್ನ ಕಿವಿ ಹೋಗಿದೆ ಎಂದು ತಿಳಿಯುವುದು ಹೇಗೆ? ಪರ ಊರಿನಿಂದ ಬಂದವರು ಏನೋ ಕೇಳಿಸುತ್ತದೆ ಎಂದರೆ, ಅವರ ಕಿವಿಗೇ ಏನೋ ಆಗಿದೆ ಎಂದು ನಗುವುದು ಇಲ್ಲಿನವರ ರೂಢಿ.

ಮೂರು ವರ್ಷದ ಹಿಂದೆ, ಕಬ್ಬು ಕಟಾವಿನ ಕಾಲದಲ್ಲಿ, ದತ್ತವಾಡದ ಪರಪ್ಪ ತಮ್ಮ ಹಳೆಯ ಡೀಸೆಲ್ ಜೀಪು ತಂದಿದ್ದರು. ಜೊತೆಗೆ ಹೆಂಡತಿ ದುರ್ಗವ್ವ. ಪರಪ್ಪ ಹತ್ತು ವರ್ಷದ ಹಳೆಯ ಗಿರಾಕಿ, ಸಲಿಗೆಯ ಮನುಷ್ಯ. ಬ್ರೇಕ್ ಒತ್ತಿದಾಗೆಲ್ಲ ಕೆಳಗೆ ಹಾವು ಬುಸುಗುಟ್ಟಿದ ಹಾಗೆ ಆಗುತ್ತದೆ ಎಂದದ್ದು ದುರ್ಗವ್ವ. ಆಗ ಹೊತ್ತು ಹನ್ನೊಂದು. ಮಗ್ಗಗಳೆಲ್ಲ ಹರಿದು ಬೀಳುವ ಹಾಗೆ ಓಡುತ್ತಿದ್ದವು. ಏಳರ ಗಾಡಿಯನ್ನು ಹನ್ನೊಂದಕ್ಕೆ ನೋಡುವುದಿಲ್ಲ ಎಂದು ಮಿಸ್ತ್ರಿ ಹೇಳಬೇಕಿತ್ತು. ಹೊಲದಲ್ಲಿ ಕಟಾವಿನವರು ಬಂದು ಕೂತಿದ್ದಾರೆ, ಸಂಜೆ ತನಕ ನಿಲ್ಲಲು ಆಗದು ಎಂದು ಪರಪ್ಪ ಅವಸರ ಮಾಡಿದರು. ಹಳೆಯ ಗಿರಾಕಿ. ಮಿಸ್ತ್ರಿ ಒಳಗೆ ಕೂತರು. ಎಂಜಿನ್ ಬಂದ್ ಮಾಡಿ ಪೆಡಲ್ಲನ್ನು ಮೂರು ಸಲ ಒತ್ತಿ, ಒತ್ತಿಕೊಂಡೇ ಮತ್ತೆ ಚಾಲೂ ಮಾಡಿ ನೋಡಿದರು. ಪೆಡಲ್ ಕಾಲಿನ ಕೆಳಗೆ ಸ್ವಲ್ಪ ಇಳಿಯಿತು. ಅಂದರೆ ಗಾಳಿಯ ಎಳೆತದಿಂದ ಬ್ರೇಕಿಗೆ ಬಲ ಕೊಡುವ ಬೂಸ್ಟರ್ ಕೆಲಸ ಮಾಡುತ್ತಿದೆ. ಅದರ ಒಳಗಿನ ರಬ್ಬರ್ ಹಾಳೆ ಒಂದು ಉಗುರಿನಷ್ಟು ಸೀಳಿದ್ದರೆ ಈ ಪರೀಕ್ಷೆಯಲ್ಲಿ ಅದು ಗೊತ್ತಾಗದು. ಅದನ್ನು ಕಿವಿಯೇ ಹೇಳಬೇಕು. ಕಿವಿ ಏನೂ ಹೇಳಲಿಲ್ಲ. ದುರ್ಗವ್ವ ಬಿಡಲಿಲ್ಲ, ಈಗಲೂ ಬಂತು, ಒತ್ತಿದಾಗ ಬಂತು ಎಂದರು.

ಆಗ ಮಿಸ್ತ್ರಿ ಆಡಿದ ಮಾತು ಇಲ್ಲಿ ಬರೆಯಬೇಕು ಎಂದವರು ಅವರೇ. ಬಿಡಬೇಡಿ, ಬರೆಯಿರಿ ಎಂದರು.

"ನಾ ಅಂದೆ, ಅಕ್ಕಾ, ನಮ್ಮ ಓಣಿಗೆ ಬಂದವರ ಕಿವ್ಯಾಗ ಒಂದೊಂದ್ ಮಗ್ಗ ಹೊಕ್ಕಿರ್ತೈತಿ, ಅದನ್ನ ಮನಿಗೆ ಒಯ್ಯಬ್ಯಾಡ್ರಿ, ಇಲ್ಲೇ ಇಟ್ಟು ಹೋಗ್ರಿ ಅಂತ. ಎಲ್ಲಾರೂ ನಕ್ಕರು. ಪರಪ್ಪಣ್ಣನೂ ನಕ್ಕ. ಆಕಿ ಒಬ್ಬಾಕಿ ನಗಲಿಲ್ರಿ. ಹೋಗಿ ಗಾಡ್ಯಾಗ ಕುಂತ್ಲು."

ಆರನೆಯ ದಿನ ಪರಪ್ಪ, ದುರ್ಗವ್ವ ಗಡಹಿಂಗ್ಲಜದ ಕಡೆ ಬೀಗರ ಮನೆಗೆ ಹೋಗಿ ಹಿಂದಿರುಗುತ್ತಿದ್ದರು. ಒಂದು ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಕಲ್ಲಾಯಿತು. ಎರಡೂ ಕಾಲು ಊರಿ ಒತ್ತಿದರೂ ಗಾಡಿ ನಿಲ್ಲಲಿಲ್ಲ. ಮುಂದೆ ಕಬ್ಬು ಹೇರಿಕೊಂಡು ಹೋಗುತ್ತಿದ್ದ ಟ್ರಾಲಿಯ ಹಿಂಬದಿಗೆ ಬಡಿಯಿತು. ಪರಪ್ಪ ಅಲ್ಲೇ ಸತ್ತರು. ದುರ್ಗವ್ವನ ಭುಜದ ಎಲುಬು ಮುರಿಯಿತು, ಜೀವ ಉಳಿಯಿತು.

ಸುದ್ದಿ ತಿಳಿದ ದಿನ ಮಿಸ್ತ್ರಿ ಊಟ ಬಿಟ್ಟು ಗಾಡಿ ಇಟ್ಟಿದ್ದ ಪೊಲೀಸ್ ಠಾಣೆಯ ಅಂಗಳಕ್ಕೆ ಹೋದರು. ನುಜ್ಜಾದ ತಗಡು ಸರಿಸಿ ಬೂಸ್ಟರ್ ಬಿಚ್ಚಲು ಅಪ್ಪಣೆ ಕೇಳಿದರು. ಅಲ್ಲಿದ್ದವರು ಬೇಸರದಿಂದ ಹೂಂ ಅಂದರು. ಒಳಗಿನ ರಬ್ಬರ್ ಹಾಳೆ ಈ ಅಂಚಿನಿಂದ ಆ ಅಂಚಿನ ತನಕ ಸೀಳಿತ್ತು. ಆ ಸೀಳಿನಲ್ಲಿ ಒಂದು ಕಡೆ ಹಳೆಯದು, ಅಂಚು ಸವೆದು ಮೆತ್ತಗಾಗಿತ್ತು. ಉಳಿದದ್ದು ಹೊಸದು. ಹಳೆಯ ತುಂಡು ಒಂದು ಉಗುರಿನಷ್ಟು. ಆರು ದಿನದ ಹಿಂದೆ ದುರ್ಗವ್ವನಿಗೆ ಕೇಳಿಸಿದ್ದು ಅದು.

ಪಂಚನಾಮೆಯಲ್ಲಿ ಗಾಡಿ ಅತಿ ವೇಗದಲ್ಲಿತ್ತು ಎಂದು ಬರೆದು ಮುಗಿದಿತ್ತು. ಬ್ರೇಕ್ ಹೋಗಿತ್ತು, ತಪ್ಪು ನನ್ನದು, ಬರೆದುಕೊಳ್ಳಿ ಎಂದು ಮಿಸ್ತ್ರಿ ಎರಡು ದಿನ ಅಲೆದರು. ಎರಡನೆಯ ದಿನ, ನಿನಗೆ ಬೇರೆ ಕೆಲಸ ಇಲ್ಲವೇನೋ ಮಿಸ್ತ್ರಿ ಎಂದು ಒಬ್ಬ ಗದರಿಸಿ ಕಳಿಸಿದ. ತಪ್ಪು ನನ್ನದು ಎಂದು ತಾನಾಗಿ ಬಂದವನ ಮಾತು ಬರೆದುಕೊಳ್ಳಲು ಕೂಡ ಈ ದೇಶದಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅತ್ತ ದತ್ತವಾಡದಲ್ಲಿ, ಪರಪ್ಪ ಗಾಡಿ ಬಿರುಸು ಓಡಿಸಿ ಸತ್ತ ಎಂಬ ಮಾತು ಗಟ್ಟಿಯಾಗುತ್ತಿತ್ತು.

ನಲವತ್ತು ದಿನ ಗ್ಯಾರೇಜಿನ ಬಾಗಿಲು ತೆರೆಯಲಿಲ್ಲ. ಆ ನಡುವೆ ಮಗಳು ರುತುಜಾ ಬಂದು ಅಪ್ಪನನ್ನು ಕೊಲ್ಹಾಪುರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕಿವಿಗೆ ಯಂತ್ರ ಹಚ್ಚಿ ಕಾಗದದ ಮೇಲೆ ಒಂದು ಗೆರೆ ತೆಗೆದು ತೋರಿಸಿದರು. ಎಡದಿಂದ ನೆಟ್ಟಗೆ ಬಂದ ಗೆರೆ ಅರ್ಧ ದಾಟಿದ ಮೇಲೆ ಬಾವಿಗೆ ಬಿದ್ದ ಹಾಗೆ ಕೆಳಗೆ ಬಿದ್ದಿತ್ತು. ದಪ್ಪ ದನಿ ಕೇಳಿಸುತ್ತದೆ, ಸಣ್ಣ ದನಿ ಹೋಗಿದೆ, ಹೋದದ್ದು ಬರುವುದಿಲ್ಲ, ಇದು ಮಗ್ಗದ ಕಿವಿ ಎಂದರು ಡಾಕ್ಟರು. ಎಷ್ಟು ವರ್ಷದಿಂದ ಹೀಗೆ ಎಂದು ಕಾಡಸಿದ್ದ ಕೇಳಿದರು. ಏಳೆಂಟು ವರ್ಷ ಆಗಿರಬಹುದು ಎಂದು ಉತ್ತರ ಬಂತು. ಏಳೆಂಟು ವರ್ಷ ನಾನು ಎಷ್ಟು ಗಾಡಿಗೆ ಏನೂ ಇಲ್ಲ ಅಂತ ಹೇಳಿ ಕಳಿಸಿದೆನೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಪ್ಪ ಬೆರಳು ಎಣಿಸುತ್ತಿದ್ದರು ಎನ್ನುತ್ತಾಳೆ ರುತುಜಾ. ಕಿವಿಗೆ ಹಾಕುವ ಮಷಿನ್ ಕೂಡ ತಂದಾಯಿತು. ಅದನ್ನು ಹಾಕಿಕೊಂಡು ಓಣಿಗೆ ಬಂದರೆ ಮಗ್ಗದ ಸಪ್ಪಳ ಎರಡು ಪಟ್ಟು ಕೇಳುತ್ತದೆ, ಮಿಕ್ಕದ್ದು ಮೊದಲಿನಷ್ಟೇ. ಮನೆಯ ಗೂಡಿನಲ್ಲಿ ಇಟ್ಟಿದ್ದಾರೆ.

ರುತುಜಾಳ ಮಗಳಿಗೆ ನಾಲ್ಕು ವರ್ಷ. ಬಂದಾಗೆಲ್ಲ ಅಜ್ಜನ ತೊಡೆ ಏರಿ ಕಿವಿಯಲ್ಲಿ ಗುಟ್ಟು ಹೇಳುತ್ತದೆ. ಅಜ್ಜ ತಲೆಯಾಡಿಸಿ ಬಾಯಿ ಮೇಲೆ ಬೆರಳಿಟ್ಟು ಯಾರಿಗೂ ಹೇಳುವುದಿಲ್ಲ ಎನ್ನುತ್ತಾರೆ. ಅವರಿಗೆ ಬರುವುದು ಮಗುವಿನ ಬಿಸಿಯುಸಿರು ಅಷ್ಟೇ.

ಗೆರೆಯ ಕಾಗದ ಹಿಡಿದುಕೊಂಡು ಅವರು ದತ್ತವಾಡಕ್ಕೆ ಹೋದರು. ಚನ್ನವ್ವ ಜೊತೆಗೆ ಬರುತ್ತೇನೆ ಅಂದರೂ ಬೇಡವೆಂದರು. ಪರಪ್ಪನ ಅಣ್ಣತಮ್ಮಂದಿರು, ನೆರೆಯವರು ಹತ್ತು ಮಂದಿ ಪಡಸಾಲೆಯಲ್ಲಿದ್ದರು. ಅವರ ಮುಂದೆ ನಿಂತು ಎಲ್ಲ ಹೇಳಿದರು. ಪರಪ್ಪಣ್ಣ ಬಿರುಸು ಓಡಿಸಿಲ್ಲ, ಬ್ರೇಕ್ ಹಿಡಿಯಲಿಲ್ಲ. ಈ ಅಕ್ಕ ಮೊದಲೇ ಹೇಳಿದ್ದರು, ನಾನು ನಂಬಲಿಲ್ಲ, ನಕ್ಕು ಕಳಿಸಿದೆ. ಒಬ್ಬ ಎದ್ದು ಅಂಗಿ ಹಿಡಿದ. ಇನ್ನೊಬ್ಬ ಬಿಡಿಸಿದ. ದುರ್ಗವ್ವ ಕಂಬದ ಹತ್ತಿರ ಕೂತಿದ್ದರು, ಕೈ ಇನ್ನೂ ಕೊರಳ ಪಟ್ಟಿಯಲ್ಲಿತ್ತು. ಬೈಯುತ್ತಾರೆ ಎಂದುಕೊಂಡರು ಮಿಸ್ತ್ರಿ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಕೆ ಕಾಗದವನ್ನೂ ನೋಡಲಿಲ್ಲ, ಇವರ ಮುಖವನ್ನೂ ನೋಡಲಿಲ್ಲ. ಮೈದುನನ ಕಡೆ ತಿರುಗಿ, ಕಬ್ಬಿಗೆ ನೀರಿನ ಪಾಳಿ ಇವತ್ತು ನಮ್ಮದಲ್ಲವೇ, ಮೋಟಾರ್ ಚಾಲೂ ಮಾಡಲಿಲ್ಲವೇ ಎಂದು ಕೇಳಿದರು. ಎದ್ದು ಒಳಗೆ ಹೋದರು. ಅಂದಿನಿಂದ ಈ ಮೂರು ವರ್ಷದಲ್ಲಿ ಆ ಮನೆಯಿಂದ ಒಂದು ಮಾತು ಬಂದಿಲ್ಲ, ಇವತ್ತಿನ ಈ ಬಿಳಿ ಕಾರಿನ ತನಕ ಆ ಊರಿನಿಂದ ಒಂದು ಗಾಡಿಯೂ ಬಂದಿರಲಿಲ್ಲ.

ಗ್ಯಾರೇಜು ಮತ್ತೆ ತೆರೆಸಿದ್ದು ಚನ್ನವ್ವ. ಇನ್ನು ಮೇಲೆ ಪಂಚರ್ ತಿದ್ದುತ್ತೇನೆ, ಗಾಡಿ ತೊಳೆಯುತ್ತೇನೆ, ಸಪ್ಪಳದ ಕೆಲಸ ಬೇಡ ಎಂದು ಗಂಡ ಹಟ ಹಿಡಿದಾಗ ಆಕೆ ಸಿಟ್ಟಿಗೆದ್ದರು. ಆಕೆ ಗಡಹಿಂಗ್ಲಜ ಕಡೆಯ ಹಳ್ಳಿಯವರು, ಮಗ್ಗ ಮುಟ್ಟಿದವರಲ್ಲ.

"ನಿಮ್ಮ ಕಿವಿ ಹೋಗ್ಯಾವು, ನನ್ನೂ ಎರಡು ಅದಾವಲ್ಲ. ಮೂವತ್ತು ವರ್ಸ ನಿಮ್ಮ ಮಾತ ಕೇಳಾಕಷ್ಟ ಬಳಸೇನಿ. ಇನ್ನರ ಸ್ವಲ್ಪ ಉಪಯೋಗಕ್ಕ ಬರ್ಲಿ ಅಂದೆ" ಎನ್ನುತ್ತಾರೆ ಚನ್ನವ್ವ. ಹೇಳುವಾಗ ನಗುತ್ತಾರೆ, ಕಣ್ಣು ಮಾತ್ರ ನಗುವುದಿಲ್ಲ.

ತೆರೆಯುವ ಮುಂಚೆ ಮಿಸ್ತ್ರಿ ಒಂದು ತಗಡಿನ ಫಲಕ ಬರೆಸಿ ಓಣಿಗೆ ಕಾಣುವ ಹಾಗೆ ಹೊಡೆದರು. ಮೇಲೆ ಮರಾಠಿ, ಕೆಳಗೆ ಕನ್ನಡ. 'ಮಿಸ್ತ್ರಿಗೆ ಕಿವಿ ಕೇಳುವುದಿಲ್ಲ. ಸಪ್ಪಳ ಕೇಳಿದವರು ಗಾಡಿಯ ಜೊತೆ ಬರಬೇಕು.' ಯಾವ ಅಂಗಡಿಯವನು ತನ್ನ ಬಾಗಿಲಿಗೆ ತಾನೇ ಇಂಥ ಫಲಕ ಹೊಡೆದುಕೊಳ್ಳುತ್ತಾನೆ? ಅರ್ಧ ಗಿರಾಕಿಗಳು ಫಲಕ ಓದಿ ಅಲ್ಲಿಂದಲೇ ಗಾಡಿ ಹಿಂದಕ್ಕೆ ತಿರುಗಿಸಿದರು. ಉಳಿದವರಿಗೆ ಎರಡನೆಯ ಸಾಲು ಕಿರಿಕಿರಿ. ಗಾಡಿ ಓಡಿಸುವವನು ಬಂದರೆ ಸಾಲದು. ಸಪ್ಪಳವನ್ನು ಮೊದಲು ಕೇಳಿದವರು ತಾಯಿಯೋ, ಹೆಂಡತಿಯೋ, ಹಿಂದೆ ಕೂತ ಶಾಲೆಯ ಹುಡುಗಿಯೋ, ಯಾರೇ ಆಗಿರಲಿ, ಅವರೇ ಬಂದು ಹೇಳಬೇಕು. ಈಗ ಸಪ್ಪಳ ಇಲ್ಲ ಎಂದು ಅವರೇ ಹೇಳುವ ತನಕ ಗಾಡಿ ಬಿಡುವುದಿಲ್ಲ.

ಸಂದಿನಲ್ಲಿ ಈಗ ನಾಲ್ಕು ನಿಮಿಷ ಕಳೆದಿದೆ. ಎಂಜಿನ್ನಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ದಪ್ಪ ರಬ್ಬರ್ ಪೈಪು ಬೆರಳಿಗೆ ಜಗ್ಗುವುದಿಲ್ಲ. ಮಿಸ್ತ್ರಿ ಇಕ್ಕಳಕ್ಕೆ ಅರಿವೆ ಸುತ್ತಿ ಅದನ್ನು ಹಿಡಿದು ಒತ್ತುತ್ತಾರೆ. ಚನ್ನವ್ವನ ಕೈ ಮುಷ್ಟಿಯಾಗುತ್ತದೆ. ಬಿಡುತ್ತಾರೆ, ಕೈ ಬಿಚ್ಚುತ್ತದೆ. ಇನ್ನೊಮ್ಮೆ, ಮುಷ್ಟಿ. ಮತ್ತೆ ಬ್ರೇಕಿನದೇ, ಮತ್ತೆ ಆ ಊರಿನದೇ. ಮಿಸ್ತ್ರಿ ಗೋಡೆಗೆ ಕೈ ಚಾಚಿ, ಮಗ್ಗದಿಂದ ಹಾರಿ ಬಂದು ಅಲ್ಲಿ ಕೂತ ಹತ್ತಿಯ ಪುಕ್ಕ ಒಂದು ಚಿಟಿಕೆ ಕಿತ್ತು, ತಂತಿಯ ತುದಿಗೆ ಸಿಕ್ಕಿಸಿ ಪೈಪಿನುದ್ದಕ್ಕೂ ಹಿಡಿಯುತ್ತ ಹೋಗುತ್ತಾರೆ. ಎಂಜಿನ್ ಕಡೆಯ ಕ್ಲಿಪ್ಪಿನ ಬುಡದಲ್ಲಿ, ಕೆಳಮೈಗೆ, ಪುಕ್ಕ ಪೈಪಿನ ಮೇಲೆ ಚಕ್ಕನೆ ಅಂಟಿಕೊಂಡು ನಿಲ್ಲುತ್ತದೆ. ಕೂದಲೆಳೆಯಷ್ಟು ಸೀಳು. ಗಾಳಿ ಒಳಗೆ ಎಳೆಯುತ್ತಿದೆ.

ಧೀರಜ ಬಗ್ಗಿ ನೋಡುತ್ತಾನೆ. ಅಷ್ಟೇ ತುಂಡನ್ನು ಕತ್ತರಿಸಿ ಮತ್ತೆ ಹಾಕಿದರೆ ಆಗದೇ, ನೌಕರಿಗೆ ಹೊತ್ತಾಯಿತು ಎನ್ನುತ್ತಾನೆ. ಮಿಸ್ತ್ರಿ ಅವನ ಕಡೆ ನೋಡುವುದೂ ಇಲ್ಲ. ಒಂದು ಕಡೆ ಸೀಳಿದ ಪೈಪು ಇನ್ನೊಂದು ಕಡೆ ಸೀಳಲು ಕಾಯುತ್ತಿರುತ್ತದೆ. ಎಂಜಿನ್ ಬಂದ್ ಮಾಡಿ, ಬಿಸಿ ಪೈಪನ್ನು ಎಳೆದು ತೆಗೆದು, ಹೊಸದನ್ನು ಅಳತೆಗೆ ಕೊಯ್ದು ಕೂಡಿಸಿ ಎರಡೂ ಕ್ಲಿಪ್ಪು ಬಿಗಿಯುತ್ತಾರೆ. ಬೆರಳಿಗೆ ಚುರುಕು ಮುಟ್ಟಿದ್ದನ್ನು ಅಂಗಿಗೆ ಒರೆಸಿಕೊಳ್ಳುತ್ತಾರೆ. ಹಗಲು ಪಾಳಿಯವರು ಟಿಫಿನ್ ಡಬ್ಬಿ ಹಿಡಿದು ಓಣಿಗೆ ಬರತೊಡಗಿದ್ದಾರೆ. ಎಂಜಿನ್ ಮತ್ತೆ ಚಾಲೂ.

ಚನ್ನವ್ವನ ಕೈ ಮುಷ್ಟಿಯಾಗಿಯೇ ಇದೆ. ಮಿಸ್ತ್ರಿಗೆ ಅದು ಸಾಲದು. ಕಾರಿನ ಕಿಟಕಿಯ ಹತ್ತಿರ ಹೋಗಿ ಪ್ರಿಯದರ್ಶನಿಯ ಮುಖಕ್ಕೆ ಮುಖ ಕೊಟ್ಟು ಬಗ್ಗುತ್ತಾರೆ.

"ಚಂದಂಗ ಕೇಳ್ರಿ ತಂಗಿ. ನನ್ನ ಸಲುವಾಗಿ ಸಪ್ಪಳ ಇಲ್ಲ ಅನಬ್ಯಾಡ್ರಿ. ಬ್ರೇಕ್ ಒತ್ತಿ ಕೇಳ್ರಿ, ಬಿಟ್ಟು ಕೇಳ್ರಿ."

ಆಕೆ ಡ್ರೈವರ್ ಸೀಟಿಗೆ ಸರಿದು ಕಣ್ಣು ಮುಚ್ಚಿಕೊಂಡು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಕೇಳುತ್ತಾಳೆ. ಸಂದಿನಲ್ಲಿದ್ದ ನಾಲ್ಕೂ ಮಂದಿಯಲ್ಲಿ ಆಗ ಉಸಿರು ಬಿಗಿ ಹಿಡಿದವರು ಕಿವಿ ಕೇಳದ ಒಬ್ಬರೇ.

"ಇಲ್ರಿ. ಹೋತು."

ಮೊದಲ ಶೆಡ್ಡಿನ ಸ್ವಿಚ್ ಬಿದ್ದಿತು. ಅದರ ಹಿಂದೆ ಎರಡನೆಯದು. ಓಣಿ ಮತ್ತೆ ನಡುಗತೊಡಗಿತು. ಇನ್ನು ಮಾತೆಲ್ಲ ಕೈಯಲ್ಲಿ. ಧೀರಜ ಲೆಕ್ಕ ಮುಗಿಸಿ ಕೀಲಿ ಇಸಿದುಕೊಂಡ. ಬಂದಾಗಿನ ನಗು ಅವನ ಮುಖದಲ್ಲಿ ಇರಲಿಲ್ಲ. ಹೆಂಡತಿ ಕೂರುವ ಬಾಗಿಲನ್ನು ತಾನೇ ತೆರೆದು ನಿಂತ. ಆಕೆ ಕೂರದೆ ಚನ್ನವ್ವನ ಹತ್ತಿರ ಹೋಗಿ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ಚನ್ನವ್ವ ಆಕೆಯ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡು ಮತ್ತೊಮ್ಮೆ ಹೇಳಿಸಿಕೊಂಡರು. ಆಮೇಲೆ ಗಂಡನ ಬಲಗಿವಿಗೆ, ಸ್ವಲ್ಪವಾದರೂ ಉಳಿದಿರುವ ಆ ಕಿವಿಗೆ, ಎರಡೂ ಕೈ ಬೊಗಸೆ ಮಾಡಿ ಹಿಡಿದು ಮಗ್ಗದ ಮೇಲೆ ಕೂಗಿ ಹೇಳಿದರು. ಓಣಿಯಲ್ಲಿ ಹೋಗುತ್ತಿದ್ದವರಿಗೂ ಕೇಳಿಸುವಷ್ಟು ಜೋರು.

"ಇವರ್ನ ಕಳಿಸಿದಾಕಿ ಪರಪ್ಪಣ್ಣನ ಹೇಂತಿ ದುರ್ಗವ್ವ ಅಂತ. ಬಾಜೂ ಮನಿಯವರಂತ ಇವರು. ನಿನ್ನ ಮಾತ ಯಾರೂ ನಂಬವಲ್ರು ಅಂದ್ರ ಆ ಮಿಸ್ತ್ರಿ ಕಡೆ ಹೋಗು, ಅಂವ ನಂಬ್ತ್ಯಾನ ಅಂದ್ಲಂತ."

ಮಿಸ್ತ್ರಿ 'ಆಂ?' ಎಂದರು. ಚನ್ನವ್ವ ಮತ್ತೆ ಕೂಗಿದರು. ಮತ್ತೆ 'ಆಂ?' ಎಂದರು. ಮೂರನೆಯ ಸಲ ಕೂಗಿದ ಮೇಲೆ ಅವರು ತಲೆಯಾಡಿಸಿ, ಕಾರಿಗೆ ಬೆನ್ನು ತಿರುಗಿಸಿ, ನಟ್ಟು ಬಿಚ್ಚುವ ಪಾನಾಗಳನ್ನು ಒಂದೊಂದಾಗಿ ಪೆಟ್ಟಿಗೆಯೊಳಗೆ ಇಡತೊಡಗಿದರು. ಹದಿನಾಲ್ಕರ ಜಾಗದಲ್ಲಿ ಹತ್ತರ ಪಾನಾ, ಹತ್ತರ ಜಾಗದಲ್ಲಿ ಇನ್ನೇನೋ. ಕಾರು ಹಿಮ್ಮುಖವಾಗಿ ಓಣಿಯ ಬಾಯಿಗೆ ಹೋಗಿ ತಿರುಗುವಷ್ಟರಲ್ಲಿ ಅವರು ಎಲ್ಲ ಅಲ್ಲೇ ಬಿಟ್ಟು ಹಿಂದೆಯೇ ನಡೆದರು. ಬಾನೆಟ್ ಮೇಲೆ ಅಂಗೈ ಇಟ್ಟು ನಿಲ್ಲಿಸಿದರು. ಪ್ರಿಯದರ್ಶನಿ ಗಾಜು ಇಳಿಸಿದಳು.

ಕಿವಿ ಕೇಳದವರು ತಾವು ಎಷ್ಟು ಜೋರಾಗಿ ಮಾತಾಡುತ್ತೇವೆ ಎಂದು ತಿಳಿಯದೆ ಮಾತಾಡುತ್ತಾರೆ. ಮಿಸ್ತ್ರಿ ಆಗ ಆಡಿದ್ದು ಮಾತ್ರ ಮೆತ್ತಗೆ. ಆಕೆ ಅವರ ತುಟಿ ನೋಡಿಯೇ ತಿಳಿದುಕೊಳ್ಳಬೇಕಾಯಿತು.

"ಅಕ್ಕಾರಿಗೆ ಹೇಳ್ರಿ ತಂಗಿ. ಅವರ ಮೈದುನನ ಕಡೆ ಗಾಡಿ ಐತಿ ಅಂತ ಕೇಳೇನಿ. ಅದರಾಗ ಏನರ ಸಣ್ಣ ಸಪ್ಪಳ ಬಂದ್ರ ಅಕ್ಕಾರು ಗಾಡಿ ಕೂಡ ಬರ್ಲಿ ಅಂತ ಹೇಳ್ರಿ." ಬಾನೆಟ್ ಮೇಲಿನ ಕೈ ತೆಗೆದರು. ಮತ್ತೆ ಇಟ್ಟರು. "ಸಪ್ಪಳ ಇರ್ಲಿಲ್ಲಂದ್ರೂ ಬರ್ಲಿ ಅನ್ರಿ."